ಸುಮ್ಮನಿದ್ದದ್ದನ್ನು ಸೊನ್ನೆ ಎಂದುಕೊಂಡ ಪಂಪ್‌ಹೌಸ್

2000ನೇ ಇಸವಿಯ ಮಳೆಗಾಲ. ಮೈಸೂರಿನ ಸಣ್ಣ ಕಂಪನಿಯೊಂದರಲ್ಲಿ ನಾನು ಕಂಟ್ರೋಲ್ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ಕೆ.ಆರ್. ನಗರದ ಬಳಿ ಕಾವೇರಿ ದಂಡೆಯ ಏತ ನೀರಾವರಿ ಪಂಪ್‌ಹೌಸ್‌ಗೆ ಕಂಪ್ಯೂಟರ್ ಕೂರಿಸುವ ಗುತ್ತಿಗೆ ನಮ್ಮದಾಗಿತ್ತು. ನದಿಯ ನೀರು ಪಂಪ್‌ಹೌಸ್ ಕೆಳಗಿನ ಬಾವಿಗೆ ಬಂದು ತುಂಬುತ್ತದೆ; ಮೂರು ಪಂಪುಗಳು ಅದನ್ನೆತ್ತಿ ಕಾಲುವೆಗೆ ಸುರಿಯಬೇಕು, ಆ ನೀರು ಹೊಸ ಅಗ್ರಹಾರ ಹೋಬಳಿಯ ಕೆಲವು ಹಳ್ಳಿಗಳಿಗೆ ಹರಿಯಬೇಕು. ಕೆಲಸ ಮುಗಿದಿದೆ ಎಂದು ನಾವು ಬೀಗುತ್ತಿದ್ದಾಗಲೇ ದೂರು ಬಂತು: ಕಾಲುವೆಯ ಕೊನೆಯ ಹಳ್ಳಿಗೆ ಒಂದು ಹನಿಯೂ ಮುಟ್ಟಿಲ್ಲ.

ಪಂಪ್‌ಹೌಸ್ ಬಾಗಿಲಲ್ಲೇ ಸಾಕಮ್ಮ ಎದುರಾದರು. ಆ ಕೊನೆಯ ಹಳ್ಳಿಯ ನೀರು ಬಳಕೆದಾರರ ಸಂಘದ ಅಧ್ಯಕ್ಷೆ, ಎತ್ತರದ ದನಿಯ ಹೆಂಗಸು. ಬೆನ್ನ ಹಿಂದೆ ಊರಿನ ರೈತರು ನಿಂತಿದ್ದರು.

"ಬತ್ತದ ಒಟ್ಲು ಆಕಿ ತಿಂಗ್ಳಾಯ್ತು ಕಣಮ್ಮ. ಪೈರು ಬಲ್ತೋಗ್ತಾ ಅದೆ. ಇನ್ನೊಂದ್ ವಾರ ಬುಟ್ರೆ ನಾಟಿಗೆ ಬರಾಕಿಲ್ಲ. ನಿಮ್ ಡಬ್ಬ ಕಿತ್ಕೊಂಡೋಗಿ, ನಮ್ಗೆ ಕೈಲಿ ಆಕೋ ಸ್ವಿಚ್ಚೇ ಸಾಕು."

ಅವರ ಸಿಟ್ಟಿಗೆ ಕಾರಣವಿತ್ತು. ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ, ಅದೂ ತುಂಡು ತುಂಡಾಗಿ ಬರುತ್ತಿತ್ತು. ಬಂದಾಗಲೆಲ್ಲ ಕಂಪ್ಯೂಟರ್ ಏಳುತ್ತಿತ್ತು, ಪಂಪು ಏಳುತ್ತಿರಲಿಲ್ಲ. 'ಬಾವಿಯಲ್ಲಿ ನೀರಿಲ್ಲ' ಎಂದು ಪರದೆಯ ಮೇಲೆ ಕೆಂಪಕ್ಷರ ಮೂಡುತ್ತಿತ್ತು. ಕಿಟಕಿಯಾಚೆ ನೋಡಿದರೆ ಕಾವೇರಿ ದಂಡೆ ತುಂಬಿ ಹರಿಯುತ್ತಿದ್ದಳು! ಆಪರೇಟರ್ ಸಿದ್ದರಾಜು ಊರಿನಿಂದ ಸೈಕಲ್ ತುಳಿದು ಬಂದು ಪಂಪು ಹಾಕುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಎತ್ತಿದಷ್ಟು ನೀರು ಅರ್ಧ ದಾರಿಯಲ್ಲೇ ಇಂಗುತ್ತಿತ್ತು.

ನಮ್ಮ ಸಾಫ್ಟ್‌ವೇರ್‌ನಲ್ಲಿ ಮೂರು ಮಾಡ್ಯೂಲ್‌ಗಳಿದ್ದವು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಬಿಡಿ ಪ್ರೋಗ್ರಾಂ. ಒಂದು, ಬಾವಿಯ ನೀರಿನ ಮಟ್ಟ ಅಳೆಯುವುದು, ಇನ್ನೊಂದು ಕೊಳವೆಯ ವಾಲ್ವ್ ತೆರೆಯುವುದು, ಮತ್ತೊಂದು ಪಂಪು ಓಡಿಸುವುದು. ಕರೆಂಟು ಬಂದೊಡನೆ ಮೂರೂ ಒಟ್ಟಿಗೆ ಏಳುತ್ತಿದ್ದವು. ಮಟ್ಟದ ಮಾಡ್ಯೂಲ್ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಪಂಪಿನ ಮಾಡ್ಯೂಲ್ 'ನೀರೆಷ್ಟಿದೆ?' ಎಂದು ಕೇಳಿಬಿಡುತ್ತಿತ್ತು. ಒಮ್ಮೆ ನೀರಿಲ್ಲವೆಂದುಕೊಂಡರೆ, ಯಾರಾದರೂ ಬಂದು ಕೈಯಿಂದ ಹಾಕುವವರೆಗೆ ಮತ್ತೆ ಕೇಳುತ್ತಿರಲಿಲ್ಲ.

ನನ್ನ ಸಹೋದ್ಯೋಗಿ ಪ್ರಕಾಶನಿಗೆ ಇದು ಸುಲಭದ ಲೆಕ್ಕವಾಗಿ ಕಂಡಿತು. "ಪಂಪನ್ನು ಒಂದು ನಿಮಿಷ ಕಾಯಿಸೋಣ, ಅಷ್ಟೇ." ಮೈಸೂರಿನ ಆಫೀಸಿನಲ್ಲಿ ಅದು ನಡೆಯಿತು. ಇಲ್ಲಿ ನಡೆಯಲಿಲ್ಲ. ಕರೆಂಟು ದಿಢೀರನೆ ಹೋದರೆ ಮುಂದಿನ ಸಲ ಕಂಪ್ಯೂಟರ್ ತನ್ನ ಡಿಸ್ಕನ್ನೆಲ್ಲ ತಡಕಾಡಿ ಏಳುತ್ತದೆ. ಅದಕ್ಕೆ ಒಮ್ಮೆ ಹಿಡಿದ ಹೊತ್ತು ಇನ್ನೊಮ್ಮೆ ಹಿಡಿಯದು. ಕಾಯುವ ಹೊತ್ತನ್ನು ಇನ್ನಷ್ಟು ಹೆಚ್ಚಿಸಿದೆವು. ಆಗ, ತೆರೆದು ಕೂತಿದ್ದ ವಾಲ್ವ್ ನೀರೇ ಬಾರದ್ದನ್ನು ಕಂಡು ತಾನಾಗಿ ಮುಚ್ಚಿಕೊಂಡಿತು. ಆಮೇಲೆ ಪಂಪು ಎದ್ದಿತು! ಮುಚ್ಚಿದ ಬಾಯಿಗೆ ನೀರು ಗುದ್ದಿ ಕೊಳವೆ ನಡುಗಿತು, ಜೋಡಣೆಯೊಂದು ಸಡಿಲಿ ನೀರು ಚಾವಣಿಗೆ ಚಿಮ್ಮಿತು. ಸಿದ್ದರಾಜು ಓಡಿಹೋಗಿ ಮೇನ್ ಸ್ವಿಚ್ ಎಳೆದ. ನಾನೂ ಪ್ರಕಾಶನೂ ಸೇರಿ ಜೋಡಣೆಯನ್ನು ಮತ್ತೆ ಬಿಗಿದೆವು.

ಸಂಜೆ ಫೋನಿನಲ್ಲಿ ನಮ್ಮ ಮಾಲೀಕರು ಹೇಳಿದರು: "ನಾಳಿದ್ದು ಇಲಾಖೆಯ ಸಾಹೇಬರು ಬರ್ತಾರೆ. ಅಷ್ಟರಲ್ಲಿ ಆಗದಿದ್ದರೆ ಕಂಪ್ಯೂಟರ್ ಬಿಚ್ಚಿಕೊಂಡು ಬನ್ನಿ."

ಮರುದಿನ ಬೆಳಿಗ್ಗೆ ಸುಮ್ಮನೆ ಪರೀಕ್ಷೆಗೆಂದು ಮಟ್ಟ ಅಳೆಯುವ ಸೆನ್ಸರ್‌ನ ವೈರನ್ನೇ ಕಿತ್ತೆ. ಪರದೆ 'ಸೊನ್ನೆ' ಎಂದಿತು. ಬಾವಿ ಬತ್ತಿದ್ದರೂ ಅದೇ ಸೊನ್ನೆ ಬರುತ್ತಿತ್ತು. ಬತ್ತಿದ ಬಾವಿಯೂ ಬಾಯಿ ತೆರೆಯದ ಯಂತ್ರವೂ ನಮ್ಮ ಪಂಪಿಗೆ ಒಂದೇ! ಕಾಯುವ ಹೊತ್ತು ಕಡಿಮೆಯಾಗಿತ್ತೆಂಬ ನಮ್ಮ ಊಹೆಯೇ ತಪ್ಪು. ಯಾವುದಕ್ಕಾಗಿ ಕಾಯಬೇಕೆಂದು ಪಂಪಿಗೆ ನಾವು ಹೇಳಿಯೇ ಇರಲಿಲ್ಲ.

ಗಡಿಯಾರ ನೋಡಿ ಕಾಯಿಸುವ ಸಾಲುಗಳನ್ನೆಲ್ಲ ಅಳಿಸಿದೆವು. ಪ್ರತಿ ಮಾಡ್ಯೂಲ್ ಎದ್ದೊಡನೆ 'ಇನ್ನೂ ತಿಳಿಯದು' ಎನ್ನಬೇಕು. ತನ್ನ ಕೆಲಸ ಖಚಿತವಾದ ಮೇಲೆ 'ಸಿದ್ಧ' ಎನ್ನಬೇಕು. ಮಟ್ಟ ಸಿದ್ಧವೆಂದರೆ ವಾಲ್ವ್, ವಾಲ್ವ್ ಸಿದ್ಧವೆಂದರೆ ಪಂಪು. ನಡುವೆ ಯಾರಾದರೂ ಮಾತು ಹಿಂತೆಗೆದುಕೊಂಡರೆ ಮೊದಲು ಪಂಪು ನಿಲ್ಲಬೇಕು.

ಸಾಹೇಬರು ಬಂದ ದಿನ ಪಂಪ್‌ಹೌಸ್ ಸುತ್ತ ಜನವೋ ಜನ. ಸಾಕಮ್ಮ ಸೆರಗು ಬಿಗಿದು ಮುಂದೆ ಬಂದರು. "ಮೇನ್ ನಾನೇ ತೆಗೀತೀನಿ, ನಾನೇ ಆಕ್ತೀನಿ." ತೆಗೆದು, ಮತ್ತೆ ಹಾಕಿದರು. ಮಟ್ಟ ಸಿದ್ಧ. ವಾಲ್ವ್ ಸಿದ್ಧ. ಮೂರೂ ಪಂಪು ಒಮ್ಮೆಗೇ ಗುಡುಗಿದವು. ಮರುಕ್ಷಣ ಬಲ್ಬು ಮಂಕಾಯಿತು, ಕಂಪ್ಯೂಟರ್ ಆರಿಹೋಯಿತು. ಮೂರು ಮೋಟಾರು ಒಟ್ಟಿಗೆ ಎಳೆದದ್ದಕ್ಕೆ ವೋಲ್ಟೇಜ್ ಕುಸಿದಿತ್ತು.

ಯಾರೋ ಗೊಳ್ಳೆಂದು ನಕ್ಕರು. "ತಾನೇ ಎದ್ದು ತಾನೇ ಬಿದ್ದೋಯ್ತಲ್ಲಾ!"

ಸಾಹೇಬರು ಜೀಪಿನ ಕಡೆ ತಿರುಗಿದರು. ತಪ್ಪೆಲ್ಲಿದೆಯೆಂದು ನನಗೆ ಆಗಲೇ ಹೊಳೆದಿತ್ತು. "ಅರ್ಧ ಗಂಟೆ ಕೊಡಿ ಸಾರ್" ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. ಆಗ ದಾರಿಗೆ ಅಡ್ಡ ನಿಂತವರು ಸಾಕಮ್ಮ.

"ಕುಂತ್ಕೊಳ್ಳಿ ಸಾ. ಈ ಸರ್ತಿ ಅದು ನೀರಿಲ್ಲ ಅಂತ ಸುಳ್ಳೇಳ್ನಿಲ್ಲ, ಎದ್ದಿದ್ನ ನಾನೇ ಕಂಡೆ. ತಿಂಗ್ಳು ಕಾದಿದೀವಿ, ಅರ್ಧ ಗಂಟೆ ಕಾಯಾಕಾಗಕಿಲ್ವಾ?"

ಸಾಹೇಬರು ಕೂತರು. ನಾನು ಬರೆದೆ, ಪ್ರಕಾಶ ಪಕ್ಕದಲ್ಲಿ ನಿಂತು ಪ್ರತಿ ಸಾಲು ಓದಿದ: ಮೊದಲ ಪಂಪು ಪೂರ್ತಿ ವೇಗಕ್ಕೆ ಬಂದು 'ಸಿದ್ಧ' ಎಂದ ಮೇಲೆ ಎರಡನೆಯದು, ಆಮೇಲೆ ಮೂರನೆಯದು.

ಸಾಕಮ್ಮ ಮತ್ತೆ ಮೇನ್ ತೆಗೆದು, ಹಾಕಿದರು. ಒಂದು ಪಂಪು ಎದ್ದಿತು. ಎರಡು. ಮೂರು. ಬಲ್ಬು ಮಿಣುಕಲಿಲ್ಲ. ಹೊರಗೆ ಕಾಲುವೆಯ ಬಾಯಿಗೆ ಕೆಂಪು ನೀರು ಧುಮುಕಿದ ಸದ್ದಿಗೆ ಸಿದ್ದರಾಜು ಸೈಕಲ್ ಬೆಲ್ಲು ಬಾರಿಸಿಯೇ ಬಾರಿಸಿದ. ಸಾಕಮ್ಮನಿಗೆ ನಂಬಿಕೆ ಸಾಲದು; ಮತ್ತೆ ಮತ್ತೆ ತೆಗೆದು ಹಾಕಿದರು. ಪ್ರತಿಸಲವೂ ಯಾರ ಕೈಯೂ ತಾಗದೆ ಪಂಪುಗಳು ಸರದಿಯಂತೆ ಎದ್ದವು. ಕೊನೆಗೆ ಅವರೇ ಕೈ ಚೆಲ್ಲಿ ನಕ್ಕರು: "ಬುಡಿ, ಇನ್ನು ನನ್ ಕೈಯೇ ಸೋತೋಯ್ತು!"

ಆ ವಾರ ಕರೆಂಟು ಬಂದ ಪ್ರತಿ ತುಂಡು ಹೊತ್ತೂ ನೀರಾಗಿ ಹರಿಯಿತು. ಕೊನೆಯ ಹಳ್ಳಿಯ ಗದ್ದೆಗಳಲ್ಲಿ ನಾಟಿ ಶುರುವಾದ ದಿನ ಸಾಕಮ್ಮ ನನ್ನನ್ನೂ ಕೆಸರಿಗಿಳಿಸಿ ಒಂದು ಸಾಲು ನೆಡಿಸಿದರು.

ಮುಂದೆ ಹುಣಸೂರು, ಪಿರಿಯಾಪಟ್ಟಣಗಳಲ್ಲೂ ಇಂಥ ಕೆಲಸಗಳನ್ನು ಮಾಡಿದೆ. ಎಲ್ಲಿಗೆ ಹೋದರೂ ಹೊಸ ಹುಡುಗರಿಗೆ ನಾನು ಹೇಳಿದ ಪಾಠ ಒಂದೇ. ಬಿಡಿ ಬಿಡಿಯಾಗಿ ಸರಿಯಿರುವ ಭಾಗಗಳನ್ನು ಒಟ್ಟಿಗೆ ತಂದಿಟ್ಟ ಮಾತ್ರಕ್ಕೆ ಅವು ಕೂಡಿ ಬಾಳುವುದಿಲ್ಲ. ನಾನಿನ್ನೂ ಸಿದ್ಧವಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ಪ್ರತಿಯೊಂದಕ್ಕೂ ಇರಬೇಕು, ಆ ಮಾತನ್ನು ನಂಬಿ ಕಾಯುವ ತಾಳ್ಮೆ ಉಳಿದವಕ್ಕೆ ಇರಬೇಕು. ಅಷ್ಟಿದ್ದರೆ ಕತ್ತಲಾದ ಯಂತ್ರ ಎಷ್ಟು ಸಲವಾದರೂ ತಾನಾಗಿ ಏಳುತ್ತದೆ.