ತೊಗರಿ ಹೊಲದಲ್ಲಿ ಓಡಿದ ನೀಲಾ

೧೯೮೩ನೇ ಇಸವಿ. ಶಿವರಾತ್ರಿ ಹತ್ತಿರ ಬಂದಿತ್ತು. ನನಗಾಗ ಹತ್ತೋ ಹನ್ನೊಂದೋ ವರ್ಷ. ನಮ್ಮದು ಜೇವರ್ಗಿ ಕಡೆಯ ಕುರಿಗಾರರ ಮನೆತನ. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಭೀಮಾ ನದಿಯ ದಂಡೆಗುಂಟ ಹೋಗುತ್ತಿದ್ದೆವು. ರೈತರು ಗೊಬ್ಬರಕ್ಕೆಂದು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಆ ವರ್ಷ ಮಣ್ಣೂರಿನ ಸಾವಕಾರರೊಬ್ಬರ ತೊಗರಿ ಹೊಲದಲ್ಲಿ ನಮ್ಮ ಬಿಡಾರ. ಅವ್ವ ಹೆರಿಗೆಗೆಂದು ಊರಲ್ಲೇ ಉಳಿದಿದ್ದಳು. ಅಪ್ಪ, ಅಪ್ಪನ ತಾಯಿ ಮತ್ತು ನಾನು ಬಂದಿದ್ದೆವು. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ.

ನಮ್ಮ ಜೊತೆ ಹುಲ್ಯಾ ಇತ್ತು. ಕೆಂದು ಬಣ್ಣದ ಎಳೆಯ ನಾಯಿ, ಒಂದು ಕಡೆ ನಿಲ್ಲುವುದೇ ಇಲ್ಲ. ಹಿಂಡು ಬಿಟ್ಟು ಓಡಿದ ಕುರಿಯನ್ನು ಸುತ್ತುಹಾಕಿ, ಹಿಂಗಾಲಿಗೆ ಬಾಯಿ ಹಾಕಿ ತಿರುಗಿಸಿಕೊಂಡು ಬರುತ್ತಿತ್ತು. ಅಪ್ಪನೇ ಅದಕ್ಕೆ ಈ ಕೆಲಸ ಕಲಿಸಿದ್ದ.

ಸಾವಕಾರರ ಮನೆ ಹೊಲದ ಅಂಚಿಗೇ ಇತ್ತು. ಅವರ ಮಗ ಬಸು ನನ್ನ ವಾರಿಗೆಯವನು. ಮಗಳು ನೀಲಾಗೆ ನಾಲ್ಕು ತುಂಬಿತ್ತೋ ಇಲ್ಲವೋ. ಇಬ್ಬರೂ ದಿನಾ ನನ್ನ ಜೊತೆ ಆಡಲು ಬರುತ್ತಿದ್ದರು. ಆಯಿ ಮೊದಲ ದಿನವೇ ಅವರನ್ನು ಕೂಡಿಸಿಕೊಂಡು ಹೇಳಿದ್ದಳು, "ನೋಡ್ರಪಾ, ಓಡಿದ್ದೆಲ್ಲಾ ಕುರೀನೇ ಅಂತ ತಿಳೀತದ ಇದು. ಹತ್ರ ಬಂತಂದ್ರ ಚೀರಬ್ಯಾಡ್ರಿ, ಓಡಬ್ಯಾಡ್ರಿ. ಕೈ ಕಟ್ಕೊಂಡು ಗಿಡ ನಿಂತಂಗ ನಿಂದರ್ರಿ. ಮೂಸಿ ನೋಡಿ ತಾನೇ ಹೋಗ್ತದ." ಹುಲ್ಯಾ ಬಿಡಾರದಲ್ಲಿದ್ದ ದಿನ ಮಕ್ಕಳು ಬಂದ ಕೂಡಲೇ ಅದನ್ನು ಗೂಟಕ್ಕೆ ಕಟ್ಟುತ್ತಿದ್ದಳು. ಆಟ ಮುಗಿದ ಮೇಲೆಯೇ ಬಿಡುವುದು.

ಆವತ್ತು ಕಟ್ಟಲು ಹುಲ್ಯಾ ಬಿಡಾರದಲ್ಲಿ ಇರಲಿಲ್ಲ. ಹೊಳೆ ಕಡೆ ಮೇಯಲು ಹೋದ ಹಿಂಡಿನ ಜೊತೆ ಅಪ್ಪನ ಬೆನ್ನು ಹತ್ತಿತ್ತು. ಅಪ್ಪ ದಿನಾ ಬರುವುದು ಹೊತ್ತು ಮುಳುಗಿದ ಮೇಲೆಯೇ. ಆವತ್ತು ಒಂದು ಕುರಿ ಈಯುವ ಹೊತ್ತಾಗಿದೆಯೆಂದು ಬಿಸಿಲಿರುವಾಗಲೇ ಹಿಂಡು ತಿರುಗಿಸಿದ್ದ. ನಾವು ಮೂವರೂ ಮುಟ್ಟಾಟ ಆಡುತ್ತಿದ್ದೆವು. ಬಸು ಅಟ್ಟಿಸಿಕೊಂಡು ಬರುತ್ತಿದ್ದ, ನಾನೂ ನೀಲಾನೂ ಕೇಕೆ ಹಾಕುತ್ತ ಓಡುತ್ತಿದ್ದೆವು. ಹುಲ್ಯಾ ಹಿಂಡಿಗಿಂತ ಮುಂದೆ ಬಂದುಬಿಟ್ಟಿತು.

ನಾನು ನಿಂತೆ. ಬಸುನೂ ನಿಂತ. "ನೀಲಾ, ನಿಂದರು! ಓಡಬ್ಯಾಡ, ನಿಂದರು!" ಅಂತ ಕೂಗಿದೆ. ನಾಲ್ಕು ವರ್ಷದ ಕೂಸಿಗೆ ಹೆದರಿಕೆಯಾದಾಗ ಕಾಲು ಎಲ್ಲಿ ನಿಲ್ಲುತ್ತದೆ? ಅವಳು ಮನೆ ಕಡೆ ಓಡಿದಳು. ಹುಲ್ಯಾ ಅಡ್ಡ ಸುತ್ತಿತು. ಅವಳು ಇನ್ನೊಂದು ಕಡೆ ತಿರುಗಿದಳು, ಅದೂ ತಿರುಗಿತು. ಕೊನೆಗೆ ಹಿಂದಿನಿಂದ ಬಂದು ಅವಳ ಹಿಮ್ಮಡಿಗೆ ಬಾಯಿ ಹಾಕಿತು. ನೀಲಾ ಮುಖ ಕೆಳಗಾಗಿ ಬಿದ್ದಳು. ತೊಗರಿ ಕೊಯ್ದ ಹೊಲ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ನೆಲದಿಂದ ಗೇಣೆತ್ತರ ನಿಂತ ಕೂಳೆ, ಗಟ್ಟಿ, ತುದಿ ಚೂಪು. ಅದು ಅವಳ ಎಡಗಣ್ಣಿಗೆ ಚುಚ್ಚಿತ್ತು.

ಅವಳು ಚೀರಿದ ದನಿ ನಾನಿಲ್ಲಿ ಬರೆಯಲಾರೆ. ಅಪ್ಪ ಕುರಿ ಬಿಟ್ಟು ಓಡಿಬಂದ. ತಲೆಯ ರುಮಾಲು ಬಿಚ್ಚಿ ಮುಖಕ್ಕೆ ಕಟ್ಟಿ, ಎತ್ತಿಕೊಂಡು ಸಾವಕಾರರ ಮನೆಗೆ ಓಡಿದ. ಸಾವಕಾರರು ಅವಳನ್ನು ಟ್ರ್ಯಾಕ್ಟರಿನಲ್ಲಿ ಅಫಜಲಪುರಕ್ಕೆ ಒಯ್ದರು. ಅಲ್ಲಿಂದ ಕಲಬುರ್ಗಿಗೆ ಕಳಿಸಿದರಂತೆ.

ಊರಿನ ಹತ್ತಾರು ಗಂಡಸರು ಬಡಿಗೆ ಹಿಡಿದು ಬಂದರು. "ನಾಯಿ ಕಡದದ ಅಂತಲ್ಲ, ಹುಚ್ಚು ಹಿಡದದೇನೋ ನೋಡ್ರಿ" ಅಂದರು. ನೀಲಾಳ ಕಾಲಿನ ಮೇಲೆ ಹಲ್ಲಿನ ಗೀರು ಬಿಟ್ಟರೆ ಏನೂ ಇರಲಿಲ್ಲ. ಆಯಿ ಅದನ್ನು ಹೇಳಹೋದಳು. ಅಪ್ಪ ಅವಳ ತೋಳು ಹಿಡಿದು, "ಸುಮ್ಮನಿರು ಯವ್ವಾ, ಅವರ ಕೂಸಿನ ಕಣ್ಣು ಹೋಗೋ ಹೊತ್ತು" ಅಂದ. ಅವನ ಅಂಗಿ ತುಂಬ ನೀಲಾಳ ರಕ್ತ ಇತ್ತು.

ಹುಲ್ಯಾ ಮರಿಗಳ ಬೇಲಿಯ ಹಿಂದೆ ಮುದುಡಿ ಮಲಗಿತ್ತು. ಜನ ಹತ್ತಿರ ಹೋದರೆ ಹಲ್ಲು ಕಿರಿಯುತ್ತಿತ್ತು. ಅಪ್ಪ ಒಬ್ಬರ ಕೈಯಿಂದ ಬಡಿಗೆ ಇಸಿದುಕೊಂಡ. "ಹುಲ್ಯಾ, ಬಾ" ಅಂತ ಕರೆದ. ಅದು ಬಾಲ ಅಲ್ಲಾಡಿಸುತ್ತ ಬಂತು. ಆಯಿ ನನ್ನ ಮುಖವನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದಳು. ಕಿವಿ ಮುಚ್ಚಲಿಲ್ಲ.

ಸಾವಕಾರರು ಕಲಬುರ್ಗಿಯಿಂದ ಬಂದಾಗ ನಾವು ಬಿಡಾರ ಕಿತ್ತು ಕತ್ತೆಯ ಮೇಲೆ ಹೇರುತ್ತಿದ್ದೆವು. ಕಣ್ಣು ಉಳಿಯಲಿಲ್ಲ ಎಂದು ಅವರು ಹೇಳಿದರು. ಬೈಯಲಿಲ್ಲ. ಅಪ್ಪ ಅವರ ಕಾಲ ಮೇಲೆ ಬಿದ್ದ. ಅವರು ಹಿಂದೆ ಸರಿದು ಒಳಗೆ ಹೋದರು.

ಮರುವರ್ಷ ಅದೇ ದಾರಿಯಲ್ಲಿ ಹೋಗುವಾಗ ನೀಲಾಳ ತಾಯಿ ಶಾಂತಮ್ಮ ನನ್ನನ್ನು ಬಾಗಿಲಿಗೆ ಕರೆದು ರೊಟ್ಟಿ, ನೆಂಚಿಕೊಳ್ಳಲು ಹಿಂಡಿ ಕೊಟ್ಟರು. "ನಾಯಿ ಎಲ್ಲದ?" ಅಂತ ಕೇಳಿದರು.

"ಇಲ್ರಿ. ಅವತ್ತೇ ಅಪ್ಪ ಹೊಡದು ಹಾಕ್ದ್ರಿ."

"ನಾವು ಹೊಡೀರಿ ಅಂದಿರಲಿಲ್ಲಲ್ಲವ್ವಾ" ಅಂದರು. ಒಳಗಿನಿಂದ ನೀಲಾ ಯಾರೊಂದಿಗೋ ಮಾತಾಡುವುದು ಕೇಳುತ್ತಿತ್ತು. ಹೊರಗೆ ಬರಲಿಲ್ಲ. ನೋಡಬೇಕೆನ್ನುವ ಧೈರ್ಯ ನನಗೂ ಇರಲಿಲ್ಲ.

ಅಪ್ಪ ಸಾಯುವವರೆಗೂ ಇನ್ನೊಂದು ನಾಯಿ ಸಾಕಲಿಲ್ಲ. ತೋಳ ಬಂದು ಮರಿ ಹೊತ್ತೊಯ್ದಾಗ ಆಯಿ ಜಗಳವಾಡಿ ಕೇಳಿದಳು. "ಕರದ್ರ ಬಂದುಬಿಡ್ತದ ಯವ್ವಾ, ಬ್ಯಾಡ" ಅಂದನಷ್ಟೇ.

ಈಗ ನಮ್ಮ ಓಣಿಯಲ್ಲಿ ಮಕ್ಕಳು ಆಡುವ ಹೊತ್ತಿಗೆ ಕುರಿ ಹಿಂಡು ಬಂದರೆ ನಾನು ಕೆಲಸ ಬಿಟ್ಟು ಹೊರಗೆ ಬರುತ್ತೇನೆ. ದೊಡ್ಡ ಮಕ್ಕಳಿಗೆ ನಿಲ್ಲಲು ಹೇಳುತ್ತೇನೆ. ಸಣ್ಣವರಿಗೆ ಏನೂ ಹೇಳುವುದಿಲ್ಲ, ನೇರ ಹೋಗಿ ಎತ್ತಿಕೊಂಡುಬಿಡುತ್ತೇನೆ. ನೆರೆಯವರು ನಗುತ್ತಾರೆ. ಹಿಂಡು ದಾಟಿಹೋದ ಮೇಲೂ ಕೂಸನ್ನು ಕೆಳಗಿಳಿಸಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.