ಎದುರು ಮನೆಯಲ್ಲಿಟ್ಟ ಪ್ರಸ್ಥಾನ

ಅಥವಾ ಆ ಚೀಲ ಹಳದಿಯದಾಗಿರಲೇ ಇಲ್ಲವೋ ಏನೋ. ನಿನ್ನೆ ಅಣ್ಣನ ಮಗಳ ಸೀಮಂತದಲ್ಲಿ ಕೊಟ್ಟ ತಾಂಬೂಲದ ಚೀಲ ಹಳದಿ. ಅದೀಗ ಅಡುಗೆಮನೆಯ ಬಾಗಿಲ ಮೊಳೆಗೆ ನೇತಾಡುತ್ತಿದೆ. ಅರಿಸಿನದ ಕೊಂಬು, ಬಾಡುತ್ತಿರುವ ವೀಳ್ಯದೆಲೆ, ಎರಡರ ವಾಸನೆಯೂ ಸೇರಿ ಬೆಳಗಿನಿಂದ ಮೂಗಿಗೆ ಬಡಿಯುತ್ತಿದೆ. ಹಾಗಾಗಿ ಒಂಬತ್ತು ವರ್ಷದ ಹಿಂದಿನ ಆ ಇನ್ನೊಂದು ಚೀಲವೂ ನನ್ನ ತಲೆಯಲ್ಲಿ ಹಳದಿಯಾಗಿಬಿಟ್ಟಿರಬಹುದು. ನೆನಪಿಗೆ ನಾಚಿಕೆಯಿಲ್ಲ, ಕೈಗೆ ಸಿಕ್ಕಿದ ಬಣ್ಣ ಬಳಿದುಕೊಂಡು ಬಂದು ನಿಲ್ಲುತ್ತದೆ.

ನನಗೆ ಸಿಟ್ಟು ಬಂದಿರುವುದು ಚೀಲದ ಮೇಲಲ್ಲ. ಅಣ್ಣನ ಮೇಲೆ. ಚೆನ್ನೈನ ಶೋಳಿಂಗನಲ್ಲೂರಿನ ಅವನ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ, ಎಲೆಯ ಮುಂದೆ ಕೂತ ಬೀಗರಿಗೆ ಅವನು ಆ ಕಥೆಯನ್ನು ಮತ್ತೆ ಹೇಳಿದ. ಮದುವೆ, ಗೃಹಪ್ರವೇಶ, ಒಮ್ಮೆ ಒಂದು ವೈಕುಂಠ ಸಮಾರಾಧನೆಯಲ್ಲಿ ಕೂಡ ಹೇಳಿದ್ದಾನೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲ ಅವನಿಗೆ ಬಾಯಿಪಾಠ. ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: "ಪಾಸ್‌ಪೋರ್ಟು ಶುಭ ಮುಹೂರ್ತದಲ್ಲಿ ಫಾರಿನ್‌ಗೆ ಹೊರಟ್ಹೋಯ್ತು, ನಮ್ಮತ್ತೆ ಮಾತ್ರ ಮಾಂಬಲದಲ್ಲೇ ನಿಂತ್ರು." ಬೀಗರು ನಕ್ಕರು. ಎರಡು ಕುರ್ಚಿ ಆಚೆ ಕೂತಿದ್ದ ಅತ್ತೆಯೂ ನಕ್ಕರು. ನಾನು ಹೋಳಿಗೆಯನ್ನು ಎಲೆಯ ಅಂಚಿಗೆ ತಳ್ಳಿದೆ.

ಅತ್ತೆ ಎಂದರೆ ನಮ್ಮ ತಂದೆಯ ತಂಗಿ. ಮದುವೆಯಾಗಲಿಲ್ಲ. ಈಗ ಎಪ್ಪತ್ತನಾಲ್ಕು. ವೆಸ್ಟ್ ಮಾಂಬಲಂನ ಈ ಫ್ಲಾಟಿನಲ್ಲಿ ನಾನು, ಅವರು, ಇಬ್ಬರೇ. ಮೂವತ್ತು ವರ್ಷಕ್ಕೂ ಮಿಕ್ಕಿ ಮಾಂಬಲಂನಿಂದ ಬೀಚ್ ಸ್ಟೇಷನ್‌ಗೆ, ಬೀಚ್ ಸ್ಟೇಷನ್‌ನಿಂದ ಮಾಂಬಲಂಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತುಕೊಂಡೇ ಹೋಗಿ ಬಂದು ನಿವೃತ್ತರಾದವರು. ಇಂಥವರಿಗೆ ರೈಲೆಂದರೆ ವಾಕರಿಕೆ ಬರಬೇಕಿತ್ತು. ಬದಲಿಗೆ ಅವರಿಗೊಂದು ಹಟ ಹುಟ್ಟಿತ್ತು: ಒಮ್ಮೆ ರೈಲಿನಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಬೇಕು. ವಿಮಾನದಲ್ಲಿ ಗಡಿ ಕಾಣುವುದಿಲ್ಲವಂತೆ. ರೈಲು ನಿಲ್ಲಬೇಕು, ಇಳಿಯಬೇಕು, ಒಂದು ಕಿಟಕಿಯಲ್ಲಿ ಒಂದು ದೇಶ ಬಿಟ್ಟು ಮುಂದಿನ ಕಿಟಕಿಯಲ್ಲಿ ಇನ್ನೊಂದು ದೇಶ ಸೇರಿ, ಮತ್ತೆ ರೈಲು ಹತ್ತಬೇಕು.

ಅದಕ್ಕೊಂದು ಉದ್ದನೆಯ ನೋಟ್‌ಬುಕ್ ಇತ್ತು. ಅವರು ಗೆರೆ ಎಳೆದು ಬರೆದದ್ದನ್ನು ನಾನು ಆಫೀಸಿನಲ್ಲಿ ಕಂಪ್ಯೂಟರಿಗೆ ಹಾಕಿ ತಿದ್ದುತ್ತಿದ್ದೆ. ಚೆನ್ನೈಯಿಂದ ಕೌಲಾಲಂಪುರಕ್ಕೆ ವಿಮಾನ. ಅಷ್ಟು ಅವರು ಬೇಸರದಿಂದ ಒಪ್ಪಿಕೊಂಡಿದ್ದರು. ಮಾರನೆಯ ಬೆಳಿಗ್ಗೆ ಅಲ್ಲಿಂದ ಗಡಿಯ ಪಡಾಂಗ್ ಬೆಸಾರ್ ಸ್ಟೇಷನ್‌ಗೆ ರೈಲು. ಅಲ್ಲಿ ಎರಡು ದೇಶಗಳ ಪಾಸ್‌ಪೋರ್ಟ್ ತಪಾಸಣೆಯೂ ಒಂದೇ ಕಟ್ಟಡದಲ್ಲಿ. ಸಂಜೆ ಅಲ್ಲಿಂದಲೇ ಬ್ಯಾಂಕಾಕಿಗೆ ಸ್ಲೀಪರ್ ರೈಲು, ದಿನಕ್ಕೆ ಒಂದೇ ಒಂದು. ತಪಾಸಣೆಯ ಸಾಲು ಉದ್ದವಿದ್ದರೆ? ಮೊದಲ ರೈಲು ತಡವಾದರೆ? ಒಂದೊಂದು "ಆದರೆ"ಗೂ ಅತ್ತೆ ಒಂದೊಂದು ಉತ್ತರ ಬರೆದಿದ್ದರು. ಗಡಿಯಾಚೆ ಗಡಿಯಾರ ಒಂದು ಗಂಟೆ ಹಿಂದೆ ಎಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದರು. (ಇದನ್ನು ಹಿಡಿದು ಗಡಿ ದಾಟಿದರೆ ಕಾಲ ಹಿಂದಕ್ಕೆ ಹೋಗುತ್ತದೆ ಎಂದೆಲ್ಲ ಬರೆಯುವ ಆಸೆ ನನಗೂ ಆಗುತ್ತದೆ. ಬರೆಯುವುದಿಲ್ಲ. ಅದು ಬರೀ ಒಂದು ಗಂಟೆ.)

ಟಿಕೆಟ್ ಬಂದವು, ವೀಸಾ ಬಂದವು. ಆಮೇಲೆ ಅಣ್ಣ ಫೋನ್ ಮಾಡಿದ.

ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅವನ ಕಥೆಯಲ್ಲಿ ಈ ಫೋನ್ ಬರುವುದೇ ಇಲ್ಲ. ಸೋಮವಾರ ಪೂರ್ವಕ್ಕೆ ಶೂಲ, ಆ ದಿಕ್ಕಿಗೆ ಹೊರಡಲೇಬಾರದು, ಅದೂ ಸಮುದ್ರ ದಾಟಿ, ಅದೂ ಇಬ್ಬರು ಹೆಂಗಸರೇ ಎಂದ. ಟಿಕೆಟ್ ಬದಲಾಯಿಸಲು ಆಗುವುದಿಲ್ಲ ಎಂದೆ. ಹಾಗಾದರೆ ಭಾನುವಾರವೇ ಪ್ರಸ್ಥಾನ ಇಟ್ಟುಬಿಡಿ ಎಂದ. ಪ್ರಸ್ಥಾನ ನಿಮಗೆ ಗೊತ್ತಿರಬಹುದು. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ಒಳ್ಳೆಯ ದಿನವೇ ಪ್ರಯಾಣಿಕರ ಒಂದು ವಸ್ತುವನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ಮಾರನೆಯ ದಿನ ಹೋಗುವಾಗ ಗಂಟನ್ನು ಎತ್ತಿಕೊಂಡು ಹೋಗುವುದು. ಗ್ರಹಗಳ ಕಣ್ಣಿಗೆ ಮಣ್ಣೆರಚುವ ಈ ಉಪಾಯ ನನಗೆ ಆಗ ತಮಾಷೆಯಾಗಿ ಕಂಡಿತ್ತು. ಅಣ್ಣನ ಬಾಯಿ ಮುಚ್ಚಿಸಲು ಸುಲಭದ ದಾರಿಯೂ ಆಗಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ಚೀಲವನ್ನು ಎದುರು ಮನೆಯ ಮಾಮಿಗೆ ಕೊಟ್ಟು ಬಂದರು. ಮಾಮಿ ಒಂಟಿ, ಮಗಳು ಪಲ್ಲಾವರಂನಲ್ಲಿ. ಚೀಲದೊಳಗೆ ರವಿಕೆ ಕಣ, ಅರಿಸಿನದ ಕೊಂಬು, ಅಕ್ಷತೆ. ಮತ್ತು ಎರಡು ಪಾಸ್‌ಪೋರ್ಟು.

ಸೋಮವಾರ ಏಳೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸ್ತಿಲು ದಾಟಬೇಕು. ಏಳಕ್ಕೆ ಸೂಟ್‌ಕೇಸ್ ಇಳಿಸಿ ನೋಡಿದರೆ ಮಾಮಿಯ ಮನೆಗೆ ಬೀಗ. ಮೊಮ್ಮಗುವಿಗೆ ಜ್ವರವೆಂದು ಮೊದಲ ಎಲೆಕ್ಟ್ರಿಕ್ ಟ್ರೈನ್ ಹಿಡಿದು ಪಲ್ಲಾವರಂಗೆ ಹೋಗಿಬಿಟ್ಟಿದ್ದರು. ಫೋನಿನಲ್ಲಿ ಅವರ ದನಿ ನಿರಾಳವಾಗಿತ್ತು. "ಸಾವಿ ಎನ್‌ಕಿಟ್ಟ ಇರುಕ್ಕು. ಬ್ಲೌಸ್ ಪೀಸ್ ದಾನೇ, ವಂದು ಎಡುತ್ಕೋಂಗೊ." ಕೀಲಿ ನನ್ನ ಹತ್ತಿರ ಇದೆ, ಬರೀ ರವಿಕೆ ಕಣ ತಾನೆ, ಊರಿಂದ ಬಂದಮೇಲೆ ತೆಗೆದುಕೊಂಡರಾಯಿತು ಎಂದು. ನಾನೂ ಹೌದಲ್ಲ ಅಂದುಕೊಂಡೆ. ಕೈಚೀಲದೊಳಗೆ ಕೈ ಹಾಕಿ ಪಾಸ್‌ಪೋರ್ಟ್ ತಡಕಾಡಿದ್ದು ಆಮೇಲೆ.

ನೋಡಿ, ಪಲ್ಲಾವರಂ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಅಂದರೆ ನಾವು ಹೋಗಬೇಕಾದ ಜಾಗದ ಹತ್ತಿರ ಮಾಮಿ, ಮಾಮಿ ಇರಬೇಕಾದ ಜಾಗದಲ್ಲಿ ನಾವು. ಎರಡನೆಯ ಸಲ ಫೋನ್ ಮಾಡಿದಾಗ ಗಾಬರಿಯಾದ ಮಾಮಿ, ಸೋಮವಾರದ ನೂಕುನುಗ್ಗಲಿನಲ್ಲಿ ಎರಡು ರೈಲು ಬಿಟ್ಟು, ಓಡೋಡಿ ಬಂದು ಬೀಗ ತೆಗೆದಾಗ ಒಂಬತ್ತೂ ಇಪ್ಪತ್ತು. ವಿಮಾನ ಹತ್ತೂ ನಲವತ್ತಕ್ಕೆ. ನಾವಿನ್ನೂ ಬೀದಿಯಲ್ಲಿ.

ಆ ಎರಡು ಗಂಟೆ ನಾನು ಬೀದಿಯಲ್ಲಿ ನಿಂತು ಏನೆಲ್ಲ ಆಡಿದೆನೋ. ಅದರಲ್ಲಿ ಒಂದು ವಾಕ್ಯ ಮಾತ್ರ ಯಾವ ಅನುಮಾನವೂ ಇಲ್ಲದೆ ನೆನಪಿದೆ. ಅನುಮಾನ ಇದ್ದಿದ್ದರೆ ಚೆನ್ನಾಗಿತ್ತು. ಹೂವಿನವಳು, ಇಸ್ತ್ರಿಯವನು, ಮಹಡಿಯ ಮನೆಯವರು ಎಲ್ಲ ಕೇಳುವ ಹಾಗೆ ಹೇಳಿದೆ: "ನೀವು ಮಾಂಬಲಂನಿಂದ ಬೀಚ್‌ಗೆ ಹೋಗಿ ಬರೋದಕ್ಕೇ ಲಾಯಕ್ಕು ಅತ್ತೆ. ಅಷ್ಟಕ್ಕೇ ಹುಟ್ಟಿದ್ದು ನೀವು."

ಅತ್ತೆ ಸೂಟ್‌ಕೇಸಿನ ಮೇಲೆ ಕೂತಿದ್ದರು. ನನ್ನನ್ನು ನೋಡಲಿಲ್ಲ. ಬಹಳ ಮೆಲ್ಲಗೆ ಅಂದರು: "ಮುಖ್ಯವಾದದ್ದೆಲ್ಲ ಒಂದೇ ಕಡೆ ಇರಲಿ ಅಂತ ನೀನೇ ಅಂದ್ಯಲ್ಲೇ."

ಮಾರನೆಯ ದಿನದ ವಿಮಾನದಲ್ಲಿ ಜಾಗವಿತ್ತು, ಹೊಸ ಟಿಕೆಟ್ ಕೊಂಡರಾಗುತ್ತಿತ್ತು. ಒಂದು ದಿನ ಜರುಗಿಸಿದರೆ ಉಳಿದ ರೈಲುಗಳೂ ಹೊಂದುತ್ತಿದ್ದವು. ನಾನು ಎಲ್ಲವನ್ನೂ ನೋಡಿ ಹೇಳಿದೆ. ಅತ್ತೆ ಬೇಡ ಅಂದರು. ನೋಟ್‌ಬುಕ್ಕನ್ನು ಪಂಚಾಂಗಗಳ ಕೆಳಗೆ ತಳ್ಳಿದರು. ಆಮೇಲೆ ಒಂದು ಸಲವೂ ಆ ವಿಷಯ ಎತ್ತಲಿಲ್ಲ. ಅಣ್ಣ ಎತ್ತಿದಾಗ ನಗುವುದೊಂದು ಬಿಟ್ಟರೆ.

ಅಣ್ಣನ ಕಥೆಯಲ್ಲಿ ಶೂಲ ನೋಡಿದ್ದೂ ಅತ್ತೆ, ಪ್ರಸ್ಥಾನ ಅಂದದ್ದೂ ಅತ್ತೆ, ಪಾಸ್‌ಪೋರ್ಟ್ ಹಾಕಿದ್ದೂ ಅತ್ತೆ. ಇವತ್ತು ಬೆಳಿಗ್ಗೆ ಅರಿಸಿನದ ವಾಸನೆ ತಡೆಯಲಾರದೆ ಅವನಿಗೆ ಫೋನ್ ಮಾಡಿ, ಶೂಲ ಅಂತ ಹೆದರಿಸಿದ್ದು ನೀನು, ಇನ್ನು ಮೇಲೆ ಅದನ್ನೂ ಸೇರಿಸಿ ಹೇಳು ಎಂದೆ. "ನಾನಾ? ನಾನೆಲ್ಲಿ ಇದನ್ನೆಲ್ಲ ನಂಬ್ತೀನಿ?" ಅಂದ. ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿ ನೆನಪಿರಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. ಮನುಷ್ಯ ತನ್ನನ್ನು ತಾನು ಎಷ್ಟು ಅಚ್ಚುಕಟ್ಟಾಗಿ ಅಳಿಸಿಕೊಳ್ಳುತ್ತಾನೆ ಎಂದು ಹಲ್ಲು ಕಡಿಯುತ್ತಾ ಫೋನ್ ಇಟ್ಟೆ.

ಇಟ್ಟ ಮೇಲೆ ನನ್ನ ಸರದಿ ಬಂತು. ಹಾಗಾದರೆ ನಾನು?

ಶನಿವಾರದ ಮಧ್ಯಾಹ್ನ ಊಟದ ಮೇಜಿನ ಮೇಲೆ ಟಿಕೆಟ್ಟು, ಪಾಸ್‌ಪೋರ್ಟು ಹರಡಿಕೊಂಡು ನಾನು ಪಟ್ಟಿಗೆ ಟಿಕ್ ಹಾಕುತ್ತಿದ್ದೆ. ಚೀಲವೂ ಅಲ್ಲೇ ಬಾಯಿ ತೆರೆದುಕೊಂಡು ಇತ್ತು. ಮುಖ್ಯವಾದದ್ದೆಲ್ಲ ಒಂದೇ ಕಡೆ ಇರಲಿ ಎಂಬುದು ನಾನು ಆಡುವಂಥ ಮಾತೇ. ಆಫೀಸಿನಲ್ಲಿ ಅದನ್ನು ದಿನಾ ಆಡುತ್ತೇನೆ. ನನ್ನ ಕೈಯೇ ಆ ಎರಡು ನೀಲಿ ಪುಸ್ತಕಗಳನ್ನು ಚೀಲದೊಳಗೆ ಇಳಿಸುವುದು ನನಗೆ ಕಾಣುತ್ತದೆ. ಆದರೆ ಆ ಕೈಯಲ್ಲಿ ನಾನು ಈಚೆಗೆ ಕೊಂಡ ಗಡಿಯಾರ ಇದೆ! ಹಾಗಾದರೆ ಆ ನೆನಪು ಖೋಟಾ. ಇನ್ನೊಂದು ಚಿತ್ರದಲ್ಲಿ ಅತ್ತೆ, "ಹೊರಡೋರ ಗುರುತಿನ ವಸ್ತು ಇಡಬೇಕಂತೆ. ರವಿಕೆ ಕಣ ನೋಡಿ ಯಾವ ದೇಶದೋರು ನನ್ನ ಒಳಗೆ ಬಿಡ್ತಾರೆ?" ಎನ್ನುತ್ತಾ ತಾವೇ ಹಾಕುತ್ತಾರೆ. ಎಷ್ಟು ಚೆಂದದ ಮಾತು. ಚೆಂದವಾಗಿದೆ ಎಂದೇ ಅನುಮಾನ: ಇದನ್ನು ಅವರು ಆಡಿದರೋ, ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ನಾನು ಅವರ ಬಾಯಲ್ಲಿ ಇಟ್ಟೆನೋ?

ಅತ್ತೆ ಬದುಕಿದ್ದಾರೆ, ಪಕ್ಕದ ಕೋಣೆಯಲ್ಲೇ ಇದ್ದಾರೆ, ಕೇಳಿದರಾಗದೆ ಎಂದು ನೀವು ಕೇಳುತ್ತೀರಿ. ಒಂಬತ್ತು ವರ್ಷ ಕೇಳಲಿಲ್ಲ. ಇವತ್ತು ಬೀರುವಿನಿಂದ ಅವರ ಪಾಸ್‌ಪೋರ್ಟ್ ತೆಗೆದು ನೋಡಿದೆ. ಅವಧಿ ಮುಗಿಯಲು ಏಳು ತಿಂಗಳಿದೆ. ಗಡಿಯಲ್ಲಿ ಕಡಿಮೆಯೆಂದರೆ ಆರು ತಿಂಗಳ ಅವಧಿ ಇರಬೇಕು. ಅಂದರೆ ಇದರಲ್ಲಿ ಹೋಗುವುದಿದ್ದರೆ ಈ ತಿಂಗಳೇ. ಹೊಸದು ಮಾಡಿಸಬಹುದು, ನಿಜ. ಎಪ್ಪತ್ತನಾಲ್ಕರ ಮಂಡಿಗಳನ್ನು ಹೊಸದು ಮಾಡಿಸುವವರು ಯಾರು?

ಕಂಪ್ಯೂಟರಿನಲ್ಲಿ ಈಗಿನ ವೇಳೆಗಳನ್ನು ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಂಡು ಅತ್ತೆಯ ಕೋಣೆಗೆ ಹೋದೆ. ಅವರು ಬತ್ತಿ ಹೊಸೆಯುತ್ತಿದ್ದರು. ಹೋಗೋಣವಾ ಎಂದೆ.

"ಯಾಕೆ, ಮತ್ತೆ ಬೀದೀಲಿ ನಿಲ್ಲಿಸಿ ಬೈಯೋದಕ್ಕಾ?"

ಹೊಸೆಯುವುದನ್ನು ನಿಲ್ಲಿಸದೆ, ತಲೆಯೆತ್ತದೆ ಅಂದರು. ಆಗ ಗೊತ್ತಾಯಿತು, ಸೀಮಂತದಲ್ಲಿ ನಕ್ಕದ್ದು ನಗುವಾಗಿರಲಿಲ್ಲ. ತಪ್ಪಾಯಿತು ಎಂದು ಹೇಳಿದೆ. ಹೇಳುವ ಹೊತ್ತಿಗೆ ನನ್ನ ದನಿ ಸಿಟ್ಟಿನಲ್ಲಿದ್ದ ಹಾಗೇ ಇತ್ತು. ನನಗೆ ಬೇರೆ ದನಿ ಇಲ್ಲ. ಆಮೇಲೆ ಕೇಳಿಯೂ ಬಿಟ್ಟೆ, ಅವತ್ತು ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕಿದ್ದು ಯಾರು ಎಂದು.

ಅತ್ತೆ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು, ಮೇಲಿನಿಂದ ಕೆಳಕ್ಕೆ ಓದಿದರು. ಪಡಾಂಗ್ ಬೆಸಾರ್ ಹತ್ತಿರ ಬೆರಳು ನಿಂತಿತು.

"ಇಲ್ಲಿ ಒಂದು ಗಂಟೆ ಹಿಂದೆ ಹಾಕೋದು ಮರೆತಿದ್ದೀಯ," ಅಂದು ಹಾಳೆ ವಾಪಸು ಕೊಟ್ಟರು.

ಇದು ಬರುತ್ತೇನೆ ಎಂದೋ, ನಿನ್ನನ್ನು ನಂಬಿ ಯಾರು ಬರುತ್ತಾರೆ ಎಂದೋ, ನನಗೆ ತಿಳಿಯಲಿಲ್ಲ. ಹಾಳೆ ತಿದ್ದಿ ಮೇಜಿನ ಮೇಲೆ ಇಟ್ಟಿದ್ದೇನೆ, ಅದರ ಮೇಲೆ ಅವರ ಪಾಸ್‌ಪೋರ್ಟು. ಅವತ್ತು ಅದನ್ನು ಆ ಚೀಲಕ್ಕೆ ಹಾಕಿದ್ದು ಯಾರೆಂದು ನನಗೆ ಗೊತ್ತಿಲ್ಲ.