ಕೊಟ್ಟವರ ಹೆಸರು

ಸಂಗೀತಾ ಬೆಳೆದದ್ದು ಹನುಮಂತನಗರದ ಪಾತ್ರೆ ಅಂಗಡಿಯೊಂದರಲ್ಲಿ. ತಂದೆ ಗುರುಬಸಪ್ಪ ತೂಕ ಹಾಕುತ್ತಿದ್ದರು, ಮಗಳು ಹೆಸರು ಕೊರೆಯುತ್ತಿದ್ದಳು. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಳ್ಳುವವರು ತಮ್ಮ ಹೆಸರು ಹೇಳುತ್ತಿದ್ದರು. ಅವಳು ನಡುಗುವ ಸೂಜಿಯ ಸಣ್ಣ ಯಂತ್ರವನ್ನು ಸ್ಟೀಲಿಗೆ ಒತ್ತಿ ಹಿಡಿದು, ಚುಕ್ಕಿಗೆ ಚುಕ್ಕಿ ಸೇರಿಸಿ ಅಕ್ಷರ ಮೂಡಿಸುತ್ತಿದ್ದಳು. ಅದೇ ಅಂಗಡಿಗೆ ಹಳೆಯ ಪಾತ್ರೆಗಳೂ ಬರುತ್ತಿದ್ದವು. ಜನ ಅವನ್ನು ಕೊಟ್ಟು ಹೊಸದು ಒಯ್ಯುತ್ತಿದ್ದರು. ಹಳೆಯದು ಗೋಣಿಚೀಲ ಸೇರಿ ಗುಜರಿಗೆ ಹೋಗುತ್ತಿತ್ತು. ಅದರಲ್ಲಿ ಹೆಸರಿದ್ದವನ್ನು ಅವಳು ಎತ್ತಿಡತೊಡಗಿದಳು.

"ಯಾರ ಮನೆಗೆ ಅಡುಗೆ ಮಾಡಕ್ಕೆ ಹೋಗ್ತೀಯಮ್ಮ ಇಷ್ಟೊಂದು ಇಟ್ಕೊಂಡು?" ಎಂದು ಗುರುಬಸಪ್ಪ ಕೆಣಕುತ್ತಿದ್ದರು.

ಈಗ ಅಂಗಡಿ ಇಲ್ಲ, ಯಂತ್ರ ಇದೆ. ಶ್ರೀನಗರದ ಬಾಡಿಗೆ ಶೆಡ್ಡಿನಲ್ಲಿ ಸಂಗೀತಾ ಹಳೆಯ ತಟ್ಟೆ, ಮುಚ್ಚಳಗಳನ್ನು ಕತ್ತರಿಸಿ, ಜೋಡಿಸಿ, ಗೋಡೆಗೆ ಹಾಕುವ ಚಿತ್ರಗಳನ್ನು ಮಾಡುತ್ತಾಳೆ. ಕತ್ತರಿ ಎಲ್ಲಿ ಬೇಕಾದರೂ ಓಡಬಹುದು, ಹೆಸರಿನ ಮೇಲೆ ಮಾತ್ರ ಓಡಬಾರದು. ಇದು ಅವಳೇ ಹಾಕಿಕೊಂಡ ನಿಯಮ.

ಸುಬ್ರಹ್ಮಣ್ಯಪುರದ ಹೊಸ ಸಮುದಾಯ ಭವನದ ಗೋಡೆ ಅವಳಿಗೆ ಸಿಕ್ಕಿದ ಕೆಲಸಗಳಲ್ಲೇ ದೊಡ್ಡದು. ಊರವರು ಕೊಟ್ಟ ಹಳೆಯ ಪಾತ್ರೆಗಳಿಂದ ಊರಿನ ಕೆರೆಯನ್ನು ಮಾಡಬೇಕಿತ್ತು. ಒಂದು ತಟ್ಟೆಯ ಅಂಚಿನ ಮೇಲೆ ಇನ್ನೊಂದು ಬರುವಂತೆ ರಿವೆಟ್ ಹೊಡೆದು ಅವಳು ಅಲೆಗಳನ್ನು ಮಾಡಿದಳು. ಅಂಚುಗಳಲ್ಲಿದ್ದ ಹೆಸರುಗಳು ಬೆಳಕು ಬಿದ್ದಾಗ ನೀರಿನ ಮೇಲಿನ ಮಿಂಚಿನಂತೆ ಕಾಣುತ್ತಿದ್ದವು.

ಭಾನುವಾರ ಉದ್ಘಾಟನೆ. ಗುರುವಾರ ಚಿಕ್ಕಬೈರಪ್ಪ ಶೆಡ್ಡಿಗೆ ನೋಡಲು ಬಂದರು. ಭವನಕ್ಕೆ ಜಾಗ ಕೊಟ್ಟ ಮನೆತನದ ಹಿರಿಯರು. ಒಂದು ಚೀಲ ತಟ್ಟೆಯನ್ನೂ ಕಳಿಸಿದ್ದರು. ಕನ್ನಡಕ ಏರಿಸಿಕೊಂಡು ಹತ್ತಿರದಿಂದ ಓದಿದರು.

"ಇದು ನಮ್ಮನೆ ತಟ್ಟೆ. ಇವ್ನ್ಯಾರು ಮರುಳಸಿದ್ದಪ್ಪ?"

"ನಿಮ್ಮ ಮದ್ವೆಗೆ ಬಂದೋರಿರ್ಬೇಕು, ಅಂಕಲ್."

"ಬಂದ, ಉಂಡ, ಹೋದ. ಈಗ ನಮ್ಮ ಗೋಡೆ ಹತ್ತಕ್ಕೆ ನಿಂತವ್ನೆ." ಅವರು ನಗಲಿಲ್ಲ. "ನಮ್ಮಪ್ಪ ಬೈಲಪ್ಪ ಜಾಗ ಬಿಟ್ಟೋರು. ಅವ್ರ ಹೆಸ್ರು ಒಂದ್ ಕಡೆನೂ ಇಲ್ಲ. ಇವನ್ನೆಲ್ಲಾ ಉಜ್ಜಿ ತೆಗ್ದು, ನಡೂಗೆ ಅಪ್ಪನ ಹೆಸ್ರು ಕೊರಿಯಮ್ಮ. ಇಲ್ಲಾಂದ್ರೆ ಭಾನುವಾರ ಇದು ಗೋಡೆಗೆ ಬರಲ್ಲ."

ಗ್ರೈಂಡರ್ ಹಾಕಿದರೆ ಅರ್ಧ ದಿನದ ಕೆಲಸ. ಕೊರೆದ ಅಕ್ಷರಕ್ಕೆ ಕೂದಲಿನಷ್ಟೂ ಆಳವಿಲ್ಲ.

"ಕೊರೆಯೋ ಯಂತ್ರ ನನ್ನ ಹತ್ರಾನೇ ಇದೆ ಅಂಕಲ್, ಆದ್ರೆ ಇರೋ ಹೆಸ್ರು ಅಳಿಸಲ್ಲ," ಎಂದಳು ಸಂಗೀತಾ. "ಪಾತ್ರೆ ಮೇಲೆ ಕೊಟ್ಟೋರ ಹೆಸ್ರು ತಾನೆ ಇರೋದು? ನಿಮ್ಮಪ್ಪನ ಹೆಸ್ರು ನಿಮ್ಮನೇಲಿ ಎಲ್ಲಿರತ್ತೆ? ಅವ್ರು ಯಾರಿಗೆ ಕೊಟ್ಟಿದ್ರೋ ಅವ್ರ ಮನೇಲಿರತ್ತೆ."

ಚಿಕ್ಕಬೈರಪ್ಪ ಕನ್ನಡಕ ತೆಗೆದು ಜೇಬಿಗಿಟ್ಟರು.

"ನಮ್ಮ ವಠಾರದಲ್ಲಿ ಬಾಡಿಗೆಗಿದ್ದೋರ ಮನೇಲಿ ಮದ್ವೆ ಆದ್ರೆ ಅಪ್ಪ ಒಂದು ಸ್ಟೀಲ್ ಡಬರಿ ಕೊಡೋರು," ಎಂದರು. "ಅವ್ರೆಲ್ಲ ಎಲ್ಲೆಲ್ಲಿ ಹೋದ್ರೋ. ಲಕ್ಕವ್ವ ಒಬ್ಳು ಇಲ್ಲೇ ಶ್ರೀನಗರದಲ್ಲಿ ಮಗಳ ಮನೇಲವ್ಳೆ."

"ನಡೀರಿ, ಹೋಗ್ಬರೋಣ."

"ಈಗ್ಲಾ?"

"ಭಾನುವಾರ ಅಂದ್ರಲ್ಲ ನೀವು."

ಲಕ್ಕವ್ವ ಬಾಗಿಲು ತೆಗೆದು ಚಿಕ್ಕಬೈರಪ್ಪನವರನ್ನು ಮೇಲಿಂದ ಕೆಳಗೆ ನೋಡಿದಳು. "ಬೈರಪ್ಪ, ಹೊಟ್ಟಿ ಬಂದೈತಿ ನಿನಗ. ಬಾ ಒಳಗ."

ಬಂದ ಕಾರಣ ಕೇಳಿ ಅಡುಗೆಮನೆಗೆ ಕರೆದೊಯ್ದಳು. ಕಟ್ಟೆಯ ಮೇಲೆ ಡಬರಿ ಇತ್ತು, ಅದರ ತುಂಬ ದೋಸೆಗೆ ನೆನೆಹಾಕಿದ ಅಕ್ಕಿ. ಸಂಗೀತಾ ಹೊರಮೈ ಒರೆಸಿ ಬೆಳಕಿಗೆ ತಿರುಗಿಸಿದಳು. ವರ್ಷಗಟ್ಟಲೆ ತೆಂಗಿನ ನಾರಿನಲ್ಲಿ ಉಜ್ಜಿಸಿಕೊಂಡು ಚುಕ್ಕಿಗಳು ತೆಳುವಾಗಿದ್ದವು, ಆದರೂ ಓದಬಹುದಿತ್ತು: ಬೈಲಪ್ಪ, ಸುಬ್ರಹ್ಮಣ್ಯಪುರ.

ಚಿಕ್ಕಬೈರಪ್ಪ ಬೆರಳಿಟ್ಟು ಸವರಿದರು. "ಲಕ್ಕವ್ವ, ಇದನ್ನ ನಂಗೆ ಕೊಡು. ಇದಕ್ಕಿಂತ ದೊಡ್ಡದು ಹೊಸದು ತಂದ್ಕೊಡ್ತೀನಿ."

"ಗ್ವಾಡಿಗೆ ಹೊಡಿಯಾಕ? ನಾ ಅಕ್ಕಿ ಯಾದ್ರಾಗ ನೆನಿ ಹಾಕ್ಲಿ?"

"ಹೊಸದ್ರಲ್ಲಿ."

"ಹೊಸದ್ರಾಗ ನಿಮ್ಮಪ್ಪ ಕೊಟ್ಟಂಗ ಆಕ್ಕೈತೇನು? ಕುಂದ್ರು, ಚಾ ಕುಡಿ."

ಡಬರಿ ಸಿಗಲಿಲ್ಲ. ಚಹಾ ಕುಡಿದು ಇಬ್ಬರೂ ಹೊರಬಂದರು. ಚಿಕ್ಕಬೈರಪ್ಪ ಕಾರಿನ ಬಾಗಿಲು ಹಿಡಿದು ನಿಂತರು.

"ಆ ಮರುಳಸಿದ್ದಪ್ಪನ ಮನೆಯವ್ರು ಯಾರಾದ್ರೂ ಇದಾರಾ ಅಂತ ಕೇಳ್ಬೇಕು," ಎಂದರು. "ಭಾನುವಾರಕ್ಕೆ ಕರೀಬೇಕಲ್ಲ."

"ಅಳಿಸೋದು?"

"ಬೇಡ ಬಿಡಮ್ಮ."

ಭಾನುವಾರ ಕೆರೆ ಗೋಡೆಯ ಮೇಲಿತ್ತು. ನಡುವಿನಲ್ಲಿ ಸಂಗೀತಾ ಹೆಸರಿಲ್ಲದ ಒಂದು ತಟ್ಟೆ ಬಿಚ್ಚಿ, ಡಬರಿಯ ಬಾಯಿಯಷ್ಟು ಅಗಲದ ಜಾಗ ಖಾಲಿ ಬಿಟ್ಟು, ಒಂದು ಕೊಕ್ಕೆ ಹೊಡೆದಿದ್ದಳು. ಬಂದವರೆಲ್ಲ ಅದನ್ನೇ ಕೇಳಿದರು. ಉತ್ತರ ಹೇಳುವ ಕೆಲಸವನ್ನು ಚಿಕ್ಕಬೈರಪ್ಪ ಬೇರೆ ಯಾರಿಗೂ ಬಿಡಲಿಲ್ಲ.

"ಅದು ನಮ್ಮಪ್ಪಂದು. ಇನ್ನೂ ಅಕ್ಕಿ ನೆನೆಸ್ತಾ ಐತೆ."